ಒಲಿಕಟ್ಟಿಯ ಅಳತಿ

ಸಗರ
೪-೭-೧೯೯೭, ಶುಕ್ರವಾರ

ಮುದನಾಳದ ನನ್ನ ಅಕ್ಕ ಶೇಖಮ್ಮಗ, ತಂಗಿ ರೇಣಮ್ಮ ಕಾಲಿಗೆ ಬಿದ್ದು ಬರಿಯೋದೇನಂದ್ರ, ನಾವೆಲ್ಲ ಆರಾಮ ಇದ್ದೇವಿ. ನಿನ್ನ ಕಾಗದ ಮುಟ್ಟಿ ಎಂಟು ದಿನ ಆತು. ಲಗೂನ ಬರೀಲಿಲ್ಲಂತ ಬೈಬ್ಯಾಡ. ಮನಿ ಹಿಂದ ಹಿತ್ತಲದಾಗ ಹೊಸಾ ಅಡಿಗಿಮನಿ ಏಳಾಕತ್ತದ, ಅದರ ಗದ್ದಲದಾಗ ಕೈ ಖಾಲಿ ಇರಲಿಲ್ಲ.

ಕೆನಾಲು ಬಂದಮ್ಯಾಲ ನಮ್ಮ ಹೊಲ ಜ್ವಾಳ ಬಿಟ್ಟು ಭತ್ತಕ್ಕ ಬಿದ್ದದ, ನಿನಗ ಗೊತ್ತೇ ಅದ. ಈ ಸಲ ನಾಟಿಗೆ ಮೂವತ್ತು ಆಳು ಬರತಾರಂತ. ಎರಡು ಹೊತ್ತಿನ ಊಟ ನಮ್ಮದೇ. ಒಳಗಿನ ಒಲಿ ಸಾಲಂಗಿಲ್ಲಂತ ಮಾವ ಅಮಾತೆಪ್ಪನವರು ಹಿತ್ತಲದಾಗ ಕಟ್ಟಸಾಕ ನಿಂತಾರ. ಎಂಥಾ ಕಲ್ಲು ಬೇಕು, ಮ್ಯಾಲ ಏನು ಹೊಚ್ಚಬೇಕು, ಎಲ್ಲಾ ನೀನೇ ಆರಿಸವ್ವ, ನಿನಗಾಗಿನೇ ಕಟ್ಟಸೋದು ಅಂದ್ರು. ಅತ್ತಿ ಅಂತೂ, ತಮ್ಮ ಜಲಮ ಕುಕ್ಕರಗಾಲಿಲೆ ಕುಂತು ಹೊಗಿ ಕುಡಿಯೋದ್ರಾಗ ಹೋತು, ಸೊಸಿಯರೇ ನಿಂತು ಅಡಿಗಿ ಮಾಡ್ಲಿ ಅಂತ ಓಣಿ ತುಂಬ ಹೇಳ್ಯಾರ. ಇಂಥಾ ಮಂದಿ ಜೋಡಿ ಹ್ಯಾಂಗ ಜಗಳಾಡಬೇಕು, ನೀನೇ ಹೇಳು.

ನಾ ಮೊದಲ, ನಾಕು ಜಾಲಿ ಕಂಬ ನೆಟ್ಟು ಮ್ಯಾಲ ತಗಡು ಹಾಕ್ರಿ, ಮಣ್ಣಿನ ಒಲಿ ಸಾಕು, ನಾಟಿ ಮುಗದಮ್ಯಾಲ ಬಿಚ್ಚಿಡಬಹುದು ಅಂದೆ. ಬಿಚ್ಚೋದು ಯಾಕ ಅಂದ್ರು ಮಾವ. ಬ್ಯಾಸಿಗ್ಯಾಗ ತಗಡು ಕಾದು ಸೊಸಿ ಬೇಯತಾಳ, ಪರ್ಸಿ ಕಲ್ಲು ಹೊಚ್ಚೂನು ಅಂದ್ರು. ಮಣ್ಣಿನ ಗ್ವಾಡಿ ಮಳಿಗಿ ಕರಗತದ, ಇಟ್ಟಂಗಿ ಇರಲಿ ಅಂದ್ರು. ನಾ ಹಗೂರದ್ದು ಹೇಳಿದಂಗೆಲ್ಲ ಅವರು ಗಟ್ಟಿದ್ದು ತಂದ್ರು.

ಆಮ್ಯಾಲ ಪರ್ಸಿ ಆರಿಸಾಕ ಶಹಾಪುರಕ್ಕ ನನ್ನೂ ಕರಕೊಂಡು ಹೋದ್ರು. ಅಲ್ಲಿ ನೋಡಕ್ಕ, ನನ್ನ ಕೈಯೇ ನನಗ ವೈರಿ ಆತು. ಅಪ್ಪಗ ಕಲ್ಲಿನ ಖಣಿಗೆ ಬುತ್ತಿ ಒಯ್ದು ಒಯ್ದು ಬೆಳದವರು ನಾವು, ಕಲ್ಲು ಕಂಡ್ರ ಬಡದು ನೋಡದ ಇರಾಕ ಆಗತದೇನು? ಬದ್ ಅಂದದ್ದು ಬಿಟ್ಟೆ, ಠಣ್ ಅಂದದ್ದೇ ಆರಿಸಿದೆ. ಸೀಳು ಬಿಟ್ಟದ್ದು, ಪದರ ಎದ್ದದ್ದು ಎಲ್ಲಾ ಬಾಜೂಕ ತಗಸಿದೆ. ಮಾರಾವ ಇಂಥಾ ಗಿರಾಕಿ ನೋಡಿಲ್ಲಂತ ಕೈ ಮುಗದ. ಮಾವ ಹಿಗ್ಗಿ ಹೀರಿಕಾಯಿ ಆದ್ರು. ಟ್ರ್ಯಾಕ್ಟರದಾಗ ಆ ಕಲ್ಲಿನ ಬಾಜೂಕ ಕುಂತು ಬರೋವಾಗ ಲೆಕ್ಕಾ ಹಾಕಿದೆ. ಇವು ಐವತ್ತು ವರ್ಷ ಬಾಳತಾವ. ಇವುಗಳ ಕೆಳಗ ನಾ ಐವತ್ತು ವರ್ಷ ನಿಲ್ಲಬೇಕು.

ಈಗ ನೀ ಕೇಳಿದ್ದಕ್ಕ ಬರತೀನಿ. ಅಂಗನವಾಡಿ ಆರ್ಡರು ಟ್ರಂಕಿನಾಗ ಲಗ್ನದ ಸೀರಿ ಕೆಳಗ ಅದ. ಶಹಾಪುರದಾಗ ಟ್ರೇನಿಂಗು ಹದಿನಾಲ್ಕನೇ ತಾರೀಖು ಸೋಮವಾರ ಸುರು. ಅವತ್ತು ಹಾಜರಾಗಲಿಲ್ಲಂದ್ರ ನೌಕರಿ ಪಟ್ಟಿಯೊಳಗಿನ ಮುಂದಿನಾಕಿಗೆ ಹೋಗತದ. ಆಳು ಬರೋದೂ ಅದೇ ವಾರ. ಆರ್ಡರು ಬಂದಾಗ ನಮ್ಮನಿಯವರೇ ಪೇಡೆ ಹಂಚಿದ್ರು. ಈಗ ಕೇಳಿದ್ರ, ಇದೊಂದು ನಾಟಿ ಮುಗೀಲಿ ಅಂತಾರ. ಕೆನಾಲಿಗೆ ವರ್ಷಾ ನೀರು ಬಿಡತಾರ, ನಾಟಿ ಮುಗಿಯೋದು ಯಾವಾಗ?

ಹೋದ ವಾರ ಗೌಂಡಿ ಸುಲ್ತಾನಸಾಬ ಅಳತಿ ದಾರ ಹಿಡಕೊಂಡು ಬಂದ. ಒಲಿಕಟ್ಟಿ ಅಡಿಗಿ ಮಾಡೋರ ನಡದ ಮಟ, ಸೊಂಟಕ್ಕ ಸರಿಯಾಗಿ ಇರಬೇಕು, ಯಾರು ನಿಲ್ಲತೀರಿ ಅಂತ ಕೇಳಿದ. ಎಲ್ಲಾರೂ ನನ್ನ ಕಡೀಗೆ ನೋಡಿದ್ರು. ನನಗ ಎಲ್ಲಿಂದ ಧೈರ್ಯ ಬಂತೋ, ಅನ್ನದ ದೊಡ್ಡ ಪಾತ್ರಿ ಎತ್ತಿ ಇಳಸೋರು ಇವರು, ಇವರ ಅಳತಿ ತಗೋರಿ ಅಂದು ನಮ್ಮನಿಯವರನ್ನ ಮುಂದ ದಬ್ಬಿದೆ. ಅವರು ಆರಡಿ ಆಳು, ನಾ ಅವರ ಭುಜಕ್ಕೂ ಹತ್ತಂಗಿಲ್ಲ. ನಗಕೋತ ನಿಂತ್ರು. ಸುಲ್ತಾನಸಾಬ ನನ್ನ ಮಾರಿ ಒಮ್ಮಿ ನೋಡಿದ, ದಾರಕ್ಕ ಗಂಟು ಹಾಕಿದ. ಈಗ ಕಟ್ಟಿ ನನ್ನ ಎದಿಮಟ ಬಂದದ, ಸಿಮೆಂಟು ಒಣಗ್ಯಾದ, ಇನ್ನ ಇಳಸಾಕ ಬರಂಗಿಲ್ಲ. ಅಲ್ಲಿ ನಿಂತು ಯಾರು ಬೇಯಸತಾರೋ ಬೇಯಸಲಿ. ಖರೇ ಹೇಳತೀನಿ, ಒಳಗೊಳಗ ಭಾಳ ಖುಷಿ ಆಗ್ಯಾದ.

ಹಿಂಗಾಗಿ ನೀ ಕಾಳಜಿ ಮಾಡಬ್ಯಾಡ, ಕೆಲಸ ಬಿಟ್ಟು ಬರೋದೂ ಬ್ಯಾಡ. ಹದಿನಾಲ್ಕಕ್ಕ ಮುಂಜಾನಿ ಒಂಬತ್ತರ ಬಸ್ಸಿಗೆ ನಾನೇ ಹೋಗತೀನಿ. ಮಾಮಾಗ ಶರಣು ಹೇಳು.

ನಿನ್ನ ತಂಗಿ
ರೇಣಮ್ಮ

ತಾ.ಕ.: ಕಾಗದ ಅಂಟಸಬೇಕು ಅನ್ನೋದ್ರಾಗ ಮಾವ ಬಡಿಗ್ಯಾನ ಮನಿಯಿಂದ ಬಂದ್ರು. ಕಟ್ಟಿ ನನಗ ಎತ್ತರ ಆಗತದಂತ ಹತ್ತಿ ನಿಲ್ಲಾಕ ಬೇವಿನ ಕಟ್ಟಿಗಿದು ಒಂದು ಮಣಿ ಮಾಡಿಸಿ ತಂದಾರ. ಕಾಲು ಜಾರಬಾರದಂತ ಮ್ಯಾಲ ಗೆರಿ ಸುದ್ದಾ ಕೊರಸ್ಯಾರ. ಎಲ್ಲಾರೂ ಕೂಡಿ ನನ್ನ ಅದರ ಮ್ಯಾಲ ಹತ್ತಿಸಿ ನಿಲ್ಲಿಸಿದ್ರು. ಕಟ್ಟಿ ಸರೀ ನನ್ನ ನಡಕ್ಕ ಬಂತು. ನಮ್ಮನಿಯವರು ಚಪ್ಪಾಳಿ ಹೊಡದ್ರು, ನಾನೂ ನಕ್ಕೆ. ಅಕ್ಕ, ನಾನೇ ಹೋಗತೀನಂತ ಮ್ಯಾಲ ಬರದದ್ದು ಸುಳ್ಳು. ಹದಿಮೂರಕ್ಕ ಐತವಾರ ಬಾ. ಸೋಮವಾರ ಮುಂಜಾನಿ ನನ್ನ ಕೈ ಹಿಡದು ಬಸ್ಸು ಹತ್ತಿಸು. ಆ ಮಣಿ ಮ್ಯಾಲಿಂದ ಒಬ್ಬಾಕಿ ಇಳಿಯಾಕ ನನಗ ಆಗಂಗಿಲ್ಲ.