ಎರಡು ಕೈಬರಹ

ಜನವರಿ 8, ಬೆಳಿಗ್ಗೆ 7.10
ಮಾತ್ರೆ ನುಂಗಿದೆ. ಬಾಯಿ ತೆರೆದು ತೋರಿಸು ಎಂದಳು ಅಮ್ಮ. ತೋರಿಸಿದೆ. ನಾಲಿಗೆಯನ್ನೂ ಚಾಚಿದೆ — ಅದನ್ನು ಅವಳು ಕೇಳಿರಲಿಲ್ಲ. ಇವತ್ತು ಸೈನ್ಸ್ ರೆಕಾರ್ಡ್ ಕೊಡಬೇಕು. ಅದಕ್ಕೆ ಸಹಿ ಬಿದ್ದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ.

ಅದೇ ದಿನ, ಸಂಜೆ
ಸಹಿ ಬೀಳಲಿಲ್ಲ. ಇಡೀ ಕ್ಲಾಸಿನ ಮುಂದೆ ಸೈನ್ಸ್ ಮಿಸ್ ರೆಕಾರ್ಡ್ ಎತ್ತಿ ಹಿಡಿದರು. "ಇದು ಇಬ್ರು ಬರ್ದಿರೋದು."

ಜುಲೈನ ಅಕ್ಷರ ದಪ್ಪ, ಬಲಕ್ಕೆ ವಾಲಿ ಗೆರೆ ದಾಟಿ ಓಡಿದೆ. ನಾಲ್ಕೇ ದಿನದಲ್ಲಿ ಹದಿನಾರು ಪ್ರಯೋಗ ಬರೆದಿದ್ದೆ, ಯಾರೂ ಕೇಳದ ಚಿತ್ರಗಳ ಸಮೇತ. ನವೆಂಬರಿನ ಅಕ್ಷರ ಸಾಸಿವೆ ಕಾಳು. ಒಂದು ಪ್ರಯೋಗಕ್ಕೆ ಮೂರು ವಾರ... ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಈ ಏರಿಳಿತಕ್ಕೊಂದು ಹೆಸರಿದೆ ಎಂದು ಡಾಕ್ಟರು ಹೇಳಿದ್ದು ಡಿಸೆಂಬರಿನಲ್ಲಿ.

"ಎರಡೂ ನಂದೇ ಮಿಸ್."

"ನನ್ನ ಕಿವಿ ಮೇಲೆ ಹೂವ ಇಡ್ಬೇಡ."

ಕ್ಲಾಸು ನಕ್ಕಿತು. ಜುಲೈ ಆಗಿದ್ದರೆ ಬೆಂಚು ಹತ್ತಿ ಭಾಷಣ ಬಿಗಿಯುತ್ತಿದ್ದೆ. ಇವತ್ತು ರೆಕಾರ್ಡ್ ಇಸಕೊಂಡು ಬ್ಯಾಗಿಗೆ ತುರುಕಿದೆ.

ಜನವರಿ 9
ಅಮ್ಮನ ಉಪಾಯ: "ಟೈಫಾಯ್ಡ್ ಆಗಿತ್ತು ಅಂತ ಲೆಟರ್ ಬರ್ಸೋಣ. ಕೈಯಲ್ಲಿ ಶಕ್ತಿ ಇರ್ಲಿಲ್ಲ ಅಂದ್ರಾಯ್ತು."

"ಬೈಪೋಲಾರ್ ಅಂತಾನೇ ಬರ್ಸಮ್ಮ."

"ಮೆತ್ತಗೆ ಮಾತಾಡೇ! ಪಕ್ಕದ್ಮನೆಗೆ ಕೇಳ್ಸುತ್ತೆ." ಕಿಟಕಿ ಎಳೆದು ಮುಚ್ಚಿದಳು.

ಟೈಫಾಯ್ಡ್ ಆದರೆ ಹಣ್ಣು ಹಿಡಿದು ನೋಡಲು ಬರುತ್ತಾರೆ. ನನ್ನದಕ್ಕೆ ಕಿಟಕಿ ಮುಚ್ಚುತ್ತಾರೆ. ಎದ್ದು ಹೋಗಿ ತೆರೆದೆ. ಎರಡೂ ಬಾಗಿಲು.

ಜನವರಿ 13
ಮೂರು ದಿನ ಬರೆಯಲಿಲ್ಲ. ಸ್ಕೂಲಿಗೂ ಹೋಗಲಿಲ್ಲ. ಹೊದಿಕೆ, ಗೋಡೆ, ಹೊದಿಕೆ. ಅಪ್ಪ ಮಂಚದ ತುದಿಯಲ್ಲಿ ಕೂತು ರೆಕಾರ್ಡನ್ನು ಪುಟಪುಟವಾಗಿ ತಿರುವಿದ.

"ಜುಲೈದ್ರಲ್ಲಿ ಏಳು ತಪ್ಪು ಕಣೇ. ನವೆಂಬರಿಂದ್ರಲ್ಲಿ ಒಂದೂ ಇಲ್ಲ."

ಆ ಮೂರು ವಾರ ವ್ಯರ್ಥ ಎಂದುಕೊಂಡಿದ್ದೆ. ಗೋಡೆ ಕಡೆ ತಿರುಗಿ ಅತ್ತೆ. ಆಮೇಲೆ ಎದ್ದು ತಲೆ ಬಾಚಿಕೊಂಡೆ.

ಜನವರಿ 14, 10.20, ಎಚ್.ಎಂ. ರೂಮಿನ ಹೊರಗಿನ ಬೆಂಚು
ಅಮ್ಮನ ಬ್ಯಾಗಿನಲ್ಲಿ ಟೈಫಾಯ್ಡ್ ಲೆಟರ್. ನನ್ನ ಕೈಯಲ್ಲಿ ರೆಕಾರ್ಡಿಗೆ ಸಹಿ ಕೇಳಿ ನಾನೇ ಬರೆದ ಅರ್ಜಿ. ಕಾಯಿಲೆಯ ಹೆಸರು ಮೊದಲ ಸಾಲಿನಲ್ಲೇ. ಮಾಡದ ಮೋಸ ಒಪ್ಪುವುದಿಲ್ಲ, ಬಾರದ ಜ್ವರವನ್ನೂ ಒಪ್ಪುವುದಿಲ್ಲ. ಪರೀಕ್ಷೆ ತಪ್ಪಿದರೆ ತಪ್ಪಲಿ.

ಅಮ್ಮ ಅರ್ಜಿ ಕಿತ್ತುಕೊಂಡು ಓದಿದಳು. ಹರಿದೇ ಬಿಡುತ್ತಾಳೆ ಎಂದುಕೊಂಡೆ.

"ಪೆನ್ ಕೊಡೇ."

ಪೋಷಕರ ಸಹಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅಂಚಿನಲ್ಲಿ ಇರುಕಿಸಿ ಹಾಕಿದಳು. ಪೆನ್ನು ವಾಪಸ್ ಕೊಡುತ್ತಾ, "ಒಳಗೆ ನೀನೇ ಮಾತಾಡು. ಜೋರಾಗೇ ಮಾತಾಡು" ಎಂದಳು.

ಬಾಗಿಲು ತೆರೆಯಿತು. ಕರೆಯುತ್ತಿದ್ದಾರೆ. ಮೊದಲು ಹೇಳುವುದು —