ಕಣದಲ್ಲಿ ಕೂಗಿದ ತೂಕ

ರಮೇಶನ ಅಪ್ಪನಿಗೆ,

ಹೆಸರು ಬರೆಯುವುದಿಲ್ಲ. ಇದ್ದಷ್ಟು ದಿನ ಹೆಸರು ಹಿಡಿದು ಕರೆಯದವಳು ಈಗ ಕರೆದರೆ ನೀವು ಎಲ್ಲಿದ್ದರೂ ಬೆಚ್ಚಿ ಎದ್ದು ಕೂತೀರಿ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಒತ್ತು, ದೀರ್ಘ ತಪ್ಪಿದ್ದರೆ ಮೊಮ್ಮಗಳು ಸಿಂಚನ ತಿದ್ದುತ್ತಾಳಂತೆ. ಅಕ್ಷರ ತಿದ್ದು, ಮಾತು ಮುಟ್ಟಬೇಡ ಎಂದು ಹೇಳಿದ್ದೇನೆ.

ಕಾಫಿ ಕಣದ ಆ ಸಂಜೆ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ಮದುವೆಯಾದ ಹೊಸದು. ನೀವು ಎಸ್ಟೇಟಿನ ಮೇಸ್ತ್ರಿ, ನಾನು ಹಣ್ಣು ಕೊಯ್ಯುವವರ ಸಾಲಿನಲ್ಲಿ ಒಬ್ಬಳು. ದಿನದ ಕೊನೆಗೆ ಎಲ್ಲರ ಚೀಲ ತಕ್ಕಡಿಗೆ ಏರುತ್ತಿತ್ತು, ನೀವು ತೂಕ ಕೂಗುತ್ತಿದ್ದಿರಿ. ನನ್ನ ಚೀಲ ಏರಿದಾಗ ಒಳಗೆ ಕೈ ಹಾಕಿ ನೋಡಿ, ಅಷ್ಟೂ ಹೆಂಗಸರಿಗೆ ಕೇಳುವ ಹಾಗೆ ಕೂಗಿದಿರಲ್ಲ, “ಹಸಿರುಕಾಯಿ ಜಾಸ್ತಿ, ಎರಡು ಕೆಜಿ ಕಡಿತ!” ಮೇಸ್ತ್ರಿಯ ಹೆಂಡತಿ ಎಂಬ ಮರ್ಯಾದೆ ಆ ಒಂದು ಕೂಗಿಗೆ ಹೋಯಿತು. ಕತ್ತಲಾಗುತ್ತಿತ್ತು, ಹಣ್ಣು ಯಾವುದು ಕಾಯಿ ಯಾವುದು ಎಂದು ಕಾಣಿಸಲಿಲ್ಲ. ಅದನ್ನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಮೂರು ದಿನ ನಿಮ್ಮೊಡನೆ ಮಾತು ಬಿಟ್ಟೆ. ಸಾರಿಗೆ ಉಪ್ಪು ಕಮ್ಮಿ ಎಂದಿರಿ, ನಾನು ಗೋಡೆ ನೋಡಿದೆ. “ಕಿವಿಯಲ್ಲಿ ಹೇಳಿದ್ರೆ ಅದು ತೂಕ ಅಲ್ಲ ಮಾರಾಯ್ತಿ, ನಾಲ್ಕು ಜನಕ್ಕೆ ಕೇಳ್ಬೇಕು” ಎಂದಿರಿ. ಇಷ್ಟು ವರ್ಷವಾದ ಮೇಲೆ ಅದನ್ನು ಯಾಕೆ ಎತ್ತಿದೆ ಎಂದರೆ...

ಕಳೆದ ದಸರಾ ರಜೆಯ ಮೊದಲ ದಿನ ಸಿಂಚನ ಎರಡು ಚೀಲ, ಇಬ್ಬರು ಜೊತೆಗಾರರನ್ನು ಕಟ್ಟಿಕೊಂಡು ಮನೆಗೆ ಬಂದಳು. ನೀವು ಹೋಗುವಾಗ ಪಿಯುಸಿ ಓದುತ್ತಿದ್ದವಳು ಈಗ ಚಿಕ್ಕಮಗಳೂರಿನಲ್ಲಿ ಎಂಬಿಎ ಮಾಡುತ್ತಿದ್ದಾಳೆ. ಅಂದರೆ ವ್ಯಾಪಾರದ ಓದು. ನೀವು ನಗುತ್ತೀರಿ, ನಾನೂ ನಕ್ಕೆ. ಕೊಟ್ಟಿಗೆಹಾರದ ಅಂಗಡಿಯವನು ನಿಮಗೆ ಹಳೇ ಬಿಸ್ಕತ್ತನ್ನು ಹೊಸದೆಂದು ಕಟ್ಟಿ ಕೊಡುತ್ತಿದ್ದನಲ್ಲ, ಅವನು ಯಾವ ಕಾಲೇಜಿಗೆ ಹೋಗಿದ್ದ? ಆದರೆ ಇವರ ಕಾಲೇಜಿನವರು ಚೀಟಿ ಎತ್ತಿ ಮೂರು ಮೂರು ಜನರ ಗುಂಪು ಮಾಡಿ, ಒಂದು ವಾರ ನಿಜವಾದ ವ್ಯಾಪಾರ ನಡೆಸಿ ವರದಿ ಬರೆದು ತನ್ನಿ ಎಂದಿದ್ದರಂತೆ. ಇವಳ ಚೀಟಿಯಲ್ಲಿ ಬಂದ ಒಬ್ಬಳು ಆಯಿಷಾ, ಮೂಡಿಗೆರೆಯ ಟೈಲರ್ ಒಬ್ಬರ ಮಗಳು. ಇನ್ನೊಬ್ಬ ಯಾರು ಅಂತೀರಿ? ನಮ್ಮ ಸಾವ್ಕಾರ್ರ ಮೊಮ್ಮಗ ನಿಖಿಲ್! ನೀವು ಮೇಸ್ತ್ರಿಯಾಗಿ ದುಡಿದ, ರಮೇಶ ಈಗ ಲೆಕ್ಕ ಬರೆಯುವ ರೈಟರ್ ಆಗಿರುವ ಅದೇ ಎಸ್ಟೇಟಿನ ಮೊಮ್ಮಗ. ನಾವಿರುವ ಈ ಕ್ವಾಟ್ರಸ್ ಅವರದ್ದು, ತಲೆಯ ಮೇಲಿನ ಹೆಂಚು ಅವರದ್ದು. ಅವನು ಒಳಗೆ ಬಂದಾಗ ಎದ್ದು ನಿಲ್ಲಬೇಕೋ, ಕೂತೇ ಇರಬೇಕೋ ಗೊತ್ತಾಗದೆ ನಾನು ಅರ್ಧ ಎದ್ದು ನಿಂತೆ.

ಕೊಟ್ಟಿಗೆಹಾರದಲ್ಲಿ ಘಾಟಿ ಇಳಿಯುವ ರಸ್ತೆಯ ಬದಿಗೆ ಮೂವರೂ ಸೇರಿ ಬೆಲ್ಲದ ಕಾಫಿ ಅಂಗಡಿ ಹಾಕಿದರು. ಸಿಂಚನ ಕಾಫಿ ಮಾಡುವುದು, ಆಯಿಷಾ ಲೆಕ್ಕ ನೋಡುವುದು ಮತ್ತು ವರದಿ ಬರೆಯುವುದು, ನಿಖಿಲ್ ದಿನಾ ಬೆಳಿಗ್ಗೆ ಕಾರಿನಲ್ಲಿ ಹಾಲು ತರುವುದು ಎಂದು ಹಂಚಿಕೊಂಡರು. ಶುಂಠಿ ಜಜ್ಜಲು ನಾನು ಹೋದೆ, ಯಾರೂ ಕರೆದಿರಲಿಲ್ಲ. ಹುಡುಗ ಕೆಟ್ಟವನಲ್ಲ. ಚೆಂದದ ಬೋರ್ಡು ಬರೆದ. ಫೋನಿನಲ್ಲಿ ಫೋಟೋ ಹಾಕಿ ಬೈಕಿನ ಹುಡುಗರ ಒಂದು ದಂಡನ್ನೇ ಕರೆಸಿದ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಆಮೇಲೆ ಕಾರಿನಲ್ಲಿ ಕಾಲು ನೀಡಿ ಕೂತ. ಆಯಿಷಾ ಕೈ ಬಾತುಹೋಗುವಷ್ಟು ಲೋಟ ತೊಳೆಯುತ್ತಿದ್ದರೆ ಇವನು, “ಇನ್ನೊಂದು ಸ್ಟ್ರಾಂಗ್ ಕೊಡು” ಅನ್ನುತ್ತಿದ್ದ. ಒಂದು ದಿನ ತಡೆಯಲಾಗದೆ ಕೇಳಿದೆ, “ಏ ಮಾರಾಯ, ನೀನು ಅಂಗಡಿಯವನಾ, ಗಿರಾಕಿಯಾ?” ಅವನು ನಕ್ಕ. ಅದೇ ತೊಂದರೆ, ಬೈದರೆ ನಗುವ ಮಕ್ಕಳನ್ನು ಏನು ಮಾಡುವುದು?

ಭಾನುವಾರದ ಜನ ನೀವು ನೋಡಬೇಕಿತ್ತು. ಮಂಜು ಇಳಿದಿತ್ತು, ವಾಹನಗಳು ಸಾಲುಗಟ್ಟಿ ನಿಂತಿದ್ದವು, ಎಲ್ಲರಿಗೂ ಬಿಸಿ ಬೇಕು. ಹಾಲು ಮಾತ್ರ ಬರಲಿಲ್ಲ. ನಿಖಿಲ್ ಹಾಲಿನ ಕ್ಯಾನನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಸ್ನೇಹಿತರ ಜೊತೆ ಗುಡ್ಡ ನೋಡಲು ಹೋಗಿದ್ದ. ಸಿಂಚನ ಮನೆ ಮನೆ ಅಲೆದು ಎರಡು ಚೊಂಬು ತಂದಳು, ಅದು ಯಾವ ಮೂಲೆಗೆ? ಕೊನೆಗೆ ಆಯಿಷಾ, ‘ಇವತ್ತು ಕಪ್ಪು ಕಾಫಿ ಮಾತ್ರ’ ಎಂದು ಸೀಮೆಸುಣ್ಣದಲ್ಲಿ ಬರೆದು, ಬೆಲ್ಲ ಶುಂಠಿ ಹಾಕಿ ಕುದಿಸಿದಳು. ಅರ್ಧ ಜನ ಕುಡಿದರು, ಅರ್ಧ ಜನ ಬೈದರು. ಅವನು ಬಂದದ್ದು ಅಂಗಡಿ ಮುಚ್ಚುವ ಹೊತ್ತಿಗೆ, ಒಡೆದ ಹಾಲಿನ ಜೊತೆ.

“ಅಜ್ಜಿ, ಅಲ್ಲಿ ನೆಟ್‌ವರ್ಕ್ ಇರ್ಲಿಲ್ಲ.”

“ಹಾಲಿಗೆ ಎಂತ ನೆಟ್‌ವರ್ಕ್? ಕಾರಿಗೆ ಚಕ್ರ ಇತ್ತಲ್ಲ?”

ವಾರ ಮುಗಿದು ಅಂಗಡಿ ಎತ್ತಿದ ರಾತ್ರಿ, ಊಟಕ್ಕೆ ಕೂತಾಗ ಸಿಂಚನ ಅನ್ನ ಕಲಸುತ್ತಲೇ ಇದ್ದಳು, ತುತ್ತು ಎತ್ತಲಿಲ್ಲ. ಏನೆಂದು ಕೇಳಿದ್ದಕ್ಕೆ ಹೇಳಿದಳು. ಮೂವರಿಗೂ ಸೇರಿ ಮೂವತ್ತು ಅಂಕವಂತೆ. ಯಾರ ದುಡಿಮೆ ಎಷ್ಟು ಎಂದು ಒಬ್ಬೊಬ್ಬರೂ ಗುಟ್ಟಾಗಿ ಹಂಚಿ ಬರೆಯಬೇಕು, ಮೇಷ್ಟ್ರು ಮೂವರದ್ದನ್ನೂ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಒಬ್ಬನಿಗೆ ಹೆಚ್ಚು ಬಡಿಸಿದರೆ ಇನ್ನೊಬ್ಬರ ಎಲೆಗೆ ಕಮ್ಮಿ. ಆಯಿಷಾಗೆ ಆ ಅಂಕ ಬೇಕೇ ಬೇಕು, ಇಲ್ಲದಿದ್ದರೆ ಕೆಲಸ ಕೊಡುವ ಕಂಪನಿಯವರು ಅವಳನ್ನು ಒಳಗೇ ಕರೆಯುವುದಿಲ್ಲ. ಕೆಲಸ ಸಿಗದಿದ್ದರೆ ಮನೆಯವರು ಕಾಯುವುದೂ ಇಲ್ಲ, ಗಂಡು ನೋಡಿ ಇಟ್ಟಿದ್ದಾರೆ.

“ಮೂವರಿಗೂ ಹತ್ತತ್ತು ಹಾಕು. ಸಾವ್ಕಾರ್ರ ಹುಡುಗನಿಗೆ ಕಮ್ಮಿ ಹಾಕಿದ್ರೆ ನಾಳೆ ಅವರೆದುರು ನಿಲ್ಲೂದು ನಾನು” ಎಂದ ನಿಮ್ಮ ಮಗ.

ಹೇಳಲೇನು, ನನಗೂ ಅದೇ ಸರಿ ಅನ್ನಿಸಿತು. ಅಡುಗೆಮನೆಯ ಮೂಲೆ ಸೋರುತ್ತದೆ, ಈ ಸಲ ಹೆಂಚು ಬದಲಿಸಿ ಕೊಡುತ್ತೇವೆ ಎಂದು ಅವರು ಆಗಷ್ಟೇ ಹೇಳಿದ್ದರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಾನು ಅವನ ತಟ್ಟೆಗೆ ಸಾರು ಬಡಿಸಿದೆ. ಆದರೆ ರಮೇಶ ಅಷ್ಟಕ್ಕೆ ಬಿಡದೆ ನಿಮ್ಮನ್ನು ಎಳೆದು ತಂದ. “ಅಪ್ಪನೂ ಹಾಗೇ ಮಾಡ್ತಿದ್ರಲ್ಲ ಅಮ್ಮ? ಆ ಕಮಲನ ಚೀಲಕ್ಕೆ ಎಲ್ಲರ ಹತ್ರ ಒಂದೊಂದು ಬೊಗಸೆ ಹಣ್ಣು ಹಾಕಿಸ್ತಿದ್ರಲ್ಲ?”

ಕಮಲ ಕಣ್ಣ ಮುಂದೆ ಬಂದಳು. ತುಂಬಿದ ಬಸುರಿ, ಗಿಡಕ್ಕೆ ಬಗ್ಗಲಾಗದೆ ಸೊಂಟ ಹಿಡಿದು ನಿಲ್ಲುತ್ತಿದ್ದಳು. ತೂಕಕ್ಕೆ ಮೊದಲು ನಾವೆಲ್ಲ ಒಂದೊಂದು ಬೊಗಸೆ ಅವಳ ಚೀಲಕ್ಕೆ ಸುರಿಯುತ್ತಿದ್ದೆವು. ನೀವು ಅದನ್ನೂ ಗುಟ್ಟು ಮಾಡಲಿಲ್ಲ. “ಕಮಲಂದು ಇಷ್ಟು, ಎಲ್ಲರ ಬೊಗಸೆ ಸೇರಿ!” ಎಂದು ಕೂಗಿಯೇ ಬರೆಸುತ್ತಿದ್ದಿರಿ.

“ಹೌದು, ಹಾಕಿಸ್ತಿದ್ರು” ಎಂದೆ ರಮೇಶನಿಗೆ. “ಈ ಹುಡುಗ ಯಾವ ತಿಂಗಳಲ್ಲಿ ಹೆರ್ತಾನೆ ಕೇಳ್ಕೊಂಡು ಬಾ. ನಾನೂ ಒಂದು ಬೊಗಸೆ ಹಾಕ್ತೀನಿ.”

ಸಿಂಚನ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ನೀರು ಕುಡಿದ ಮೇಲೆ ಕೇಳಿದಳು, “ಅಜ್ಜ ಎಲ್ಲರ ತೂಕವನ್ನೂ ಕೂಗಿಯೇ ಹೇಳ್ತಿದ್ರಾ?” ನನ್ನ ತೂಕವನ್ನೂ, ಎಂದೆ. ಎರಡು ಕೆಜಿ ಕಡಿತದ ಕತೆ ಹೇಳಿದೆ. ರಮೇಶ ಎದ್ದು ಕೈ ತೊಳೆಯಲು ಹೋದ.

ಮರುದಿನ ನಿಖಿಲ್ ಪಾತ್ರೆ ಸಾಮಾನು ಕೊಂಡೊಯ್ಯಲು ಬಂದಿದ್ದ, ಲೆಕ್ಕ ಮುಗಿಸಲು ಆಯಿಷಾಳೂ ಬಂದಿದ್ದಳು. ಸಿಂಚನ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದಳು. ಕಾಫಿ ಕೊಟ್ಟಳು, ಆಮೇಲೆ ಮಾತು ತೆಗೆದಳು.

“ಗುಟ್ಟಾಗಿ ಹಾಕಿ ಅಂದಿದಾರೆ. ನಂಗೆ ಗುಟ್ಟು ಬೇಡ, ನಿಮ್ಮೆದುರೇ ಹೇಳ್ತೀನಿ. ಆಯಿಷಾಗೆ ಹದಿನಾಲ್ಕು, ನಂಗೆ ಹನ್ನೆರಡು, ನಿಖಿಲ್, ನಿಂಗೆ ನಾಲ್ಕು.”

“ಏ, ಸುಮ್ನಿರೇ.”

“ತಮಾಷೆ ಅಲ್ಲ. ಬೋರ್ಡ್ ಬರ್ದೆ, ಬೈಕಿನವರನ್ನ ಕರ್ಸಿದೆ, ಅದಕ್ಕೆ ನಾಲ್ಕು. ಭಾನುವಾರ ಹಾಲು ತರ್ಲಿಲ್ಲ, ಒಂದು ಲೋಟ ತೊಳೀಲಿಲ್ಲ, ವರದಿಗೆ ಒಂದು ಸಾಲು ಬರೀಲಿಲ್ಲ. ನಾನು ಲೆಕ್ಕ ತಪ್ಪಿದ್ರೆ ಈಗ್ಲೇ ಹೇಳು.”

ಅವನು ಕಾಫಿ ಲೋಟ ತಿರುಗಿಸುತ್ತಾ ಕೂತ. ಹೇಳಿದವಳು ಆಯಿಷಾ. ವೇಲಿನ ಅಂಚು ಹಿಂಡುತ್ತಾ, “ನಂಗೆ ಹದಿಮೂರು ಸಾಕು ಕಣೇ. ಭಾನುವಾರ ಬೆಲ್ಲ ತಳ ಹಿಡಿಸಿದ್ದು ನಾನೇ ಅಲ್ವಾ?” ಎಂದಳು. ಬೇಕೇ ಬೇಕಾದ ಅಂಕವನ್ನು ತಾನೇ ಒಂದು ಇಳಿಸಿಕೊಂಡಳು ನೋಡಿ! ಸಿಂಚನ ಒಂದು ಗಳಿಗೆ ಯೋಚಿಸಿ, “ಸರಿ, ನಿಂಗೆ ಹದಿಮೂರು, ನಂಗೆ ಹದಿಮೂರು” ಎಂದಳು. ನಾಲ್ಕು ಮಾತ್ರ ನಾಲ್ಕಾಗಿಯೇ ಉಳಿಯಿತು.

ನಿಖಿಲ್ ನನ್ನ ಕಡೆ ತಿರುಗಿದ. “ಅಜ್ಜಿ, ನೀವಾದ್ರೂ ಹೇಳಿ.”

“ನಾನೆಂತ ಹೇಳೂದು? ತೂಕ ಆಗುವಾಗ ನೋಡುವವರು ಬಾಯಿ ಮುಚ್ಕೊಂಡಿರ್ಬೇಕು.”

ನಾನು ಬಾಯಿ ಮುಚ್ಚಿದ್ದನ್ನು ನೋಡಲು ನೀವಿರಲಿಲ್ಲ, ಅದೊಂದು ಬೇಜಾರು. ಹುಡುಗನ ಕಿವಿ ಕೆಂಪಾಯಿತು. ಕಾಫಿ ಅರ್ಧಕ್ಕೇ ಬಿಟ್ಟು, ಪಾತ್ರೆಗಳನ್ನೂ ಬಿಟ್ಟು ಹೋದ. ಅವನು ತನ್ನ ಪಾಲಿಗೆ ಅಂಕ ಹೇಗೆ ಹಂಚಿದನೋ ಇವತ್ತಿಗೂ ನಮಗೆ ಗೊತ್ತಿಲ್ಲ.

ಸಾವ್ಕಾರ್ರಿಂದ ಕರೆ ಬಂದ ದಿನ ರಮೇಶ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ, ಮದುಮಗನ ಹಾಗೆ. ಸೊಸೆ ದೇವರ ಮುಂದೆ ದೀಪ ಹಚ್ಚಿದಳು. ನಾನು ಮನಸ್ಸಿನಲ್ಲೇ ಟ್ರಂಕುಗಳನ್ನು ಕಟ್ಟಿಯಾಗಿತ್ತು, ನಿಮ್ಮ ಕಂಬಳಿ ಯಾವುದರಲ್ಲಿ ಇಡುವುದು ಎಂದೂ ಯೋಚಿಸಿದ್ದೆ. ಮಗ ತಿರುಗಿ ಬಂದು ಕಟ್ಟೆಯ ಮೇಲೆ ಕೂತ. ಅವರು ಕೇಳಿದ್ದು ಒಂದೇ ಅಂತೆ. “ಆ ನಾಲ್ಕು ಯಾವುದಕ್ಕೆ ಕೊಟ್ಟಳು?” ಬೋರ್ಡು ಬರೆದದ್ದಕ್ಕೆ, ಜನ ಕರೆಸಿದ್ದಕ್ಕೆ ಎಂದು ಇವನು ಹೇಳಿದ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಹೂಂ, ಹೋಗು” ಎಂದರಂತೆ. ಆ ‘ಹೂಂ’ಗೆ ಏನರ್ಥ ಎಂದು ನಾವು ಎಷ್ಟು ದಿನ ತಲೆ ಕೆಡಿಸಿಕೊಂಡೆವೋ... ಹೆಂಚು ಮಾತ್ರ ಬರಲಿಲ್ಲ. ಅಡುಗೆಮನೆ ಮೂಲೆಯಲ್ಲಿ ಬೋಗುಣಿ ಇಟ್ಟಿದ್ದೇವೆ. ಹನಿ ಬಿದ್ದಾಗ ರಮೇಶ ರಜೆಗೆ ಬಂದ ಮಗಳ ಮುಖ ನೋಡುತ್ತಾನೆ, ಅವಳು ಎದ್ದು ಹೋಗಿ ಬೋಗುಣಿ ಖಾಲಿ ಮಾಡಿ ಬರುತ್ತಾಳೆ.

ಆಯಿಷಾ ಫೋನ್ ಮಾಡಿದ ಸಂಜೆ ನಾನು ಅವರೆಕಾಳು ಬಿಡಿಸುತ್ತಿದ್ದೆ. “ಅಜ್ಜಿ, ಕೆಲಸ ಸಿಕ್ತು! ಪರೀಕ್ಷೆ ಮುಗಿದ ಮೇಲೆ ಸೇರ್ಬೇಕು” ಎಂದಳು. ಗಂಡಿನ ಕಡೆಯವರು ಏನಂತಾರೆ ಎಂದು ಕೇಳಿದೆ. “ಕಾಯ್ಲಿ ಬಿಡಿ, ಅಷ್ಟು ಅರ್ಜೆಂಟಿದ್ರೆ ಲೋಟ ತೊಳೀಲಿ” ಎಂದಳು. ಒಂದು ವಾರ ನನ್ನ ಜೊತೆ ಇದ್ದದ್ದಕ್ಕೆ ಅಷ್ಟಾದರೂ ಕಲಿಯಬೇಡವಾ?

ಇನ್ನು ಇವತ್ತಿನ ಸಂಜೆಯ ಸಂಗತಿ, ಅದಕ್ಕಾಗಿಯೇ ಈ ಕಾಗದ. ಕೊಯ್ಲು ಶುರುವಾಗಿದೆ. ಮಂಡಿ ಕೇಳುವುದಿಲ್ಲ, ಆದರೂ ಮನೆ ಪಕ್ಕದ ಸಾಲಿನ ಗಿಡಗಳು ಕೈಗೆ ಬಾಗಿವೆ, ಕೂತಲ್ಲಿಂದಲೇ ಒಂದು ಸಣ್ಣ ಚೀಲ ಕೊಯ್ದೆ. ಹೊತ್ತುಕೊಂಡು ಕಣಕ್ಕೆ ಹೋದರೆ ತಕ್ಕಡಿಯ ಹತ್ತಿರ ನಿಂತವನು ನಿಖಿಲ್! ಕ್ರಿಸ್‌ಮಸ್ ರಜೆಗೆ ಬಂದವನನ್ನು ಅಜ್ಜ ಅಲ್ಲಿ ನಿಲ್ಲಿಸಿದ್ದಾರಂತೆ. ಶಿಕ್ಷೆಯೋ, ಪಾಠವೋ, ಕೇಳುವಷ್ಟು ಧೈರ್ಯ ಯಾರಿಗಿದೆ? ನನ್ನ ಚೀಲ ಏರಿಸಿದ. ಒಳಗೆ ಕೈ ಆಡಿಸಿದ. ನನ್ನ ಕಿವಿಯ ಹತ್ತಿರ ಬಗ್ಗಿದ.

“ಅಜ್ಜಿ, ಹಸಿರುಕಾಯಿ ಸ್ವಲ್ಪ ಜಾಸ್ತಿ ಬಂದಿದೆ. ಪರವಾಗಿಲ್ಲ, ಹಾಗೇ ಬರ್ಕೊಳ್ತೀನಿ.”

ಅವತ್ತು ಕತ್ತಲಿನ ತಪ್ಪು, ಇವತ್ತು ಕಣ್ಣಿನ ಪೊರೆಯ ತಪ್ಪು. ನನ್ನದಲ್ಲ. ಹಿಂದೆ ಹೆಂಗಸರ ಸಾಲು ನಿಂತಿತ್ತು, ಒಬ್ಬೊಬ್ಬಳ ತಲೆಯ ಮೇಲೂ ದಿನವಿಡೀ ಕೊಯ್ದ ಚೀಲ.

“ಎಂತಕ್ಕೆ ಪಿಸುಗುಡ್ತೀಯಾ ಮಾರಾಯ? ಹಿಂದಿನವರಿಗೆ ಕೇಳ್ಬೇಕು. ಕಡಿತ ಹಾಕು, ಗಟ್ಟಿಯಾಗಿ ಕೂಗು” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕೂಗಿದ. ಮೊದಲ ಸಲ ಗಂಟಲು ಒಡೆಯಿತು, ಎರಡನೇ ಸಲ ಕಣದ ಆಚೆಗೂ ಕೇಳಿತು, “ಅಜ್ಜೀದು ಹಸಿರುಕಾಯಿ ಜಾಸ್ತಿ, ಅರ್ಧ ಕೆಜಿ ಕಡಿತ!” ಹೆಂಗಸರೆಲ್ಲ ಹೋ ಎಂದು ನಕ್ಕರು. ನಾನೂ ನಕ್ಕೆ. ಖಾಲಿ ಚೀಲ ಮಡಿಸಿ ಕಂಕುಳಿಗೆ ಸೇರಿಸಿಕೊಂಡು ಮನೆಗೆ ಬಂದೆ.

ಆ ಮೂರು ದಿನದ ಸಿಟ್ಟನ್ನು ದಾರಿಯಲ್ಲೇ ಇಳಿಸಿ ಬಂದಿದ್ದೇನೆ, ರಮೇಶನ ಅಪ್ಪ. ಸಾರಿಗೆ ಉಪ್ಪು ಕಮ್ಮಿ ಎಂದು ಅವತ್ತು ಅಂದಿದ್ದಿರಲ್ಲ? ಹೌದು, ಕಮ್ಮಿಯೇ ಇತ್ತು. ಬೇಕೆಂದೇ ಹಾಕಿರಲಿಲ್ಲ.

ರಮೇಶನ ಅಮ್ಮ