ಹಸಿರು ಪಿನಿಯನ್

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ನಟ್ಟು ಬೋಲ್ಟು ತೊಳೆದದ್ದೇ ತೊಳೆದದ್ದು. ಉಗುರಿನ ಸಂದಿಯ ಕಪ್ಪು ಹೋಗುತ್ತಿಲ್ಲ. ಗಂಡನದೇ ಗ್ಯಾರೇಜು, ಸಂಬಳ ಕೇಳುವ ಹಾಗಿಲ್ಲ. ಇರಲಿ, ಬರೆಯಲು ಕೂತದ್ದು ಅದಕ್ಕಲ್ಲ.

ಮಧ್ಯಾಹ್ನ ಮಹಾರಾಣಿಯ ಸವಾರಿ ಬಂತು — ಕಾರಿನ ಮೂತಿಗೆ ಹಗ್ಗ ಕಟ್ಟಿಸಿ, ಲಾರಿಯಿಂದ ಎಳೆಸಿಕೊಂಡು. ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಎದುರಿಗೆ ಹೆಸರು ಹಿಡಿದು ಕರೆಯುತ್ತೇನೆ, ಇಲ್ಲಿ ಮಾತ್ರ ಮಹಾರಾಣಿ. ಗೇರ್‌ಬಾಕ್ಸ್ ಪುಡಿಪುಡಿ. "ನೀವಿದ್ದೀರಲ್ಲ ಭಾವ, ನನಗೇನು ಚಿಂತೆ!" ಎಂದಳು. ಇವರು ಕರಗಿ ನೀರಾದರು.

ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಹೇಳಿದರು, "ನಿನ್ ಗಾಡಿ ಗೇರ್‌ಬಾಕ್ಸು ಸುಮ್ನೆ ಬಿದ್ದಿದೆಯಲ್ಲ..."

ಸುಮ್ಮನೆ! ಅಮ್ಮ ನನಗೆ ಕೊಟ್ಟ ಗಾಡಿ ಅದು. ಎಂಜಿನ್ ಕೈಕೊಟ್ಟು ಒಂದೂವರೆ ವರ್ಷದಿಂದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದೆ. ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಇವರು ರಾಗ ಎಳೆಯುತ್ತಲೇ ಇದ್ದಾರೆ. ನನ್ನದೂ ಅವಳದೂ ಒಂದೇ ಮಾಡೆಲ್, ಆದರೆ ನನ್ನದು ಪೆಟ್ರೋಲ್, ಅವಳದು ಡೀಸೆಲ್. "ಎಂಜಿನ್ನೇ ಬೇರೆ. ಹೇಗೆ ಕೂರುತ್ತೆ?" ಎಂದೆ.

"ಕೂರಿಸ್ತೀನಿ ಬಿಡು."

ಅವಳದಾದರೆ ಕೂರುತ್ತದೆ! ಮೈಯೆಲ್ಲ ಉರಿದುಹೋಯಿತು. ಬೇಡ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ಎದುರಿಗೇ ಕೂತಿದ್ದರು.

ಮಾರ್ಚ್ 6, ಗುರುವಾರ

ನನ್ನ ಗಾಡಿಯ ಹೊಟ್ಟೆ ಬಗೆದರು. ದೀಪ ಹಿಡಿದು ನಿಂತವಳು ನಾನೇ. ಎಂಥ ಪುಣ್ಯ!

ಎರಡು ಗೇರ್ ಪೆಟ್ಟಿಗೆಗಳನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ಹಿಂಭಾಗ ಅವಳಿಜವಳಿ. ಎಂಜಿನ್ನಿಗೆ ಅಂಟುವ ಮುಂದಿನ ಬಾಯಿ ಮಾತ್ರ ಬೇರೆ, ಬೋಲ್ಟಿನ ತೂತುಗಳು ತಾಳೆಯಾಗುವುದಿಲ್ಲ. ಇವರು ತಲೆ ಕೆರೆದುಕೊಂಡು, ಅವಳ ಪೆಟ್ಟಿಗೆಯ ಬಾಯಿ ಬಿಚ್ಚಿ ನನ್ನದಕ್ಕೆ ಕೂರಿಸಿದರು. ಕ್ಲಚ್ ಪ್ಲೇಟ್ ಹಾಕಿ ನೋಡಿದರೆ ಪ್ಲೇಟು ಕಚ್ಚಿಕೊಳ್ಳುವ ಶಾಫ್ಟಿನ ಗೀರುಗಳೂ ಸರಿಹೋದವು. "ನೋಡಿದ್ಯಾ?" ಎಂದು ಮೀಸೆ ತಿರುವಿದರು.

ನೋಡಿದೆ. ನನ್ನ ಗಾಡಿಗಾಗಿ ಒಂದು ದಿನವಾದರೂ ಹೀಗೆ ತಲೆ ಕೆರೆದುಕೊಂಡಿದ್ದರೆ...

ಮಾರ್ಚ್ 7, ಶುಕ್ರವಾರ

ಕೆಲಸ ಮುಗಿಯಿತು. ಒಂದು ಬಿಟ್ಟು.

ವೇಗದ ಮೀಟರ್ ಮುಳ್ಳು ಓಡಿಸಲು ಗೇರ್‌ಬಾಕ್ಸಿನ ಹಿಂದೆ ಒಂದು ಪಿನಿಯನ್ ಇರುತ್ತದೆ, ಹೆಬ್ಬೆರಳಷ್ಟು ಉದ್ದದ, ಪ್ಲಾಸ್ಟಿಕ್ ಹಲ್ಲಿನ ಚಕ್ರ. ನನ್ನದು ಬಿಳಿ, ಅವಳದು ಹಸಿರು. ಹಿಂದಿನ ಆಕ್ಸಲ್ ಬೇರೆಯಾದ್ದರಿಂದ ಹಲ್ಲಿನ ಲೆಕ್ಕವೂ ಬೇರೆ. ಪೆಟ್ಟಿಗೆ ಯಾರದೇ ಇರಲಿ, ಪಿನಿಯನ್ ಮಾತ್ರ ಓಡುವ ಗಾಡಿಯದೇ ಇರಬೇಕು. ಇಲ್ಲದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಹಸಿರನ್ನು ನನ್ನ ಕೈಗಿಟ್ಟು, "ಬಿಳೀದು ತೆಗೆದು ಇದನ್ನ ಹಾಕಿಬಿಡು" ಎಂದು ಇವರು ಆಯಿಲ್ ತರಲು ಹೋದರು.

ಗಾಡಿಯ ಕೆಳಗೆ ಮಲಗಿದೆ. ಮಹಾರಾಣಿ ಹೊರಗೆ ಕುರ್ಚಿಯಲ್ಲಿ ಕೂತು ನನ್ನ ಮಗಳಿಗೆ ಜಡೆ ಹೆಣೆಯುತ್ತಿದ್ದಳು. ನಾನು ಹೆಣೆದರೆ ಎಳೆಯುತ್ತೆ, ನೋಯುತ್ತೆ ಎಂದು ಅಳುವ ಹುಡುಗಿ! "ಚಿಕ್ಕಮ್ಮ, ದಿನಾ ನೀವೇ ಹಾಕಿ" ಎಂದಿತು. ನನ್ನ ಗೇರ್‌ಬಾಕ್ಸು, ನನ್ನ ಗಂಡನ ಮೂರು ದಿನ, ಈಗ ಮಗಳ ತಲೆಯೂ.

ಹಸಿರನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಈಚೆ ಬಂದೆ.

"ಹಾಕಿದ್ಯಾ?"

"ಹೂಂ."

ಬೀದಿ ತುದಿಯವರೆಗೆ ಓಡಿಸಿ ನೋಡಿದರು. ಸದ್ದಿಗೆ ಕಿವಿ ಕೊಟ್ಟರು, ಮೀಟರಿಗೆ ಕಣ್ಣು ಕೊಡಲಿಲ್ಲ. ಹಸಿರು ಈಗ ನನ್ನ ಹೊಲಿಗೆಯ ಗುಂಡಿ ಡಬ್ಬಿಯಲ್ಲಿದೆ. ನಾಳೆ ಹೇಳಿದರಾಯಿತು.

ಮಾರ್ಚ್ 15, ಶನಿವಾರ

ಹೇಳಲಿಲ್ಲ.

ಇವತ್ತು ಬಂದಿದ್ದಳು. ಕೂರುವ ಮೊದಲೇ ಶುರು: "ಭಾವ, ನಿಮ್ಮ ಕೈಯಲ್ಲಿ ಏನೋ ಇದೆ! ಮುಂಚೆ ಅರವತ್ತರಲ್ಲಿ ಹೋದ್ರೂ ಆಫೀಸಿಗೆ ಲೇಟಾಗ್ತಿತ್ತು, ಈಗ ಅದೇ ಅರವತ್ತರಲ್ಲಿ ಹೋದ್ರೆ ಎಲ್ಲರಿಗಿಂತ ಮೊದಲು ನಾನೇ." ಇವರಿಗೆ ಕೊಂಬು ಬಂತು. ಅತ್ತೆ, "ನನ್ ಮಗ ಕೈಯಿಟ್ರೆ ಹಾಗೇನೇ" ಎಂದರು.

ಮುಂಚಿನ ಅರವತ್ತಲ್ಲ ಅದು ಮಹಾರಾಣಿ, ಬಿಳಿ ಪಿನಿಯನ್ ಕಡಿಮೆ ತೋರಿಸುತ್ತಿದೆ, ನಿಜಕ್ಕೂ ಹತ್ತಿರ ಹತ್ತಿರ ಎಪ್ಪತ್ತೈದು! ನಾನು ಬಚ್ಚಿಟ್ಟದ್ದರಿಂದಲೇ ಇವರಿಗೆ ಹೊಗಳಿಕೆ, ಅವಳಿಗೆ ಖುಷಿ. ನನಗೆ ಕಾಫಿ ಕಪ್ ತೊಳೆಯುವ ಭಾಗ್ಯ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಪ್ ಕುಕ್ಕಿದೆ. ಒಂದರ ಹಿಡಿ ಮುರಿಯಿತು.

ಮಾರ್ಚ್ 22, ಶನಿವಾರ

ನಾಳೆ ಬೆಟ್ಟದಾಚೆ ಅತ್ತೆಯ ತಂಗಿಯ ಮನೆಗೆ ಸವಾರಿ. ಮಹಾರಾಣಿಯೇ ಡ್ರೈವರ್. ಮಗಳೂ ಹೋಗುತ್ತಾಳಂತೆ. ನನ್ನನ್ನು ಕೇಳಿದವರಾರು? ಮಗಳ ಬಟ್ಟೆ ಆಗಲೇ ಚೀಲ ಸೇರಿದೆ.

ಬೆಟ್ಟದ ರಸ್ತೆ. ತಿರುವಿನ ಮೇಲೆ ತಿರುವು. ರಾತ್ರಿ ಊಟಕ್ಕೆ ಬಂದವಳಿಗೆ ಬಡಿಸುತ್ತಾ "ನಿಧಾನಕ್ಕೆ ಓಡಿಸು" ಎಂದೆ.

"ಅಯ್ಯೋ ಅಕ್ಕ, ಮಗು ಇರುವಾಗ ನಲವತ್ತು ದಾಟ್ತೀನಾ? ಮೀಟರ್ ನೋಡ್ಕೊಂಡೇ ಓಡಿಸ್ತೀನಿ."

ಆಣೆ ಹಾಕಿದಷ್ಟು ನಂಬಿಕೆಯಿಂದ ಹೇಳಿದಳು. ಅವಳು ಹುಷಾರಾಗಿಯೇ ಓಡಿಸುತ್ತಾಳೆ. ಸುಳ್ಳು ಇರುವುದು ನನ್ನ ಗುಂಡಿ ಡಬ್ಬಿಯಲ್ಲಿ. ಹದಿನೈದು ದಿನ ಅವಳು ಆ ಮೀಟರನ್ನೇ ನಂಬಿ ದೊಡ್ಡ ರಸ್ತೆಯಲ್ಲಿ ಓಡಾಡಿದ್ದಾಳೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ಚೀಲಗಳನ್ನು ಡಿಕ್ಕಿಗೆ ತುಂಬುತ್ತಿದ್ದಾರೆ. ಹಸಿರನ್ನು ಹಾಕಲು ಮರೆತಿದ್ದೆ ಎನ್ನಬಹುದು. ಇಬ್ಬರಲ್ಲಿ ಯಾರು ಮರೆತದ್ದೋ ಎಂದು ಇವರ ತಲೆಗೂ ಅರ್ಧ ಕಟ್ಟಬಹುದು. ಹಾರ್ನ್ ಹೊಡೆಯುತ್ತಿದ್ದಾಳೆ.

ಅದೇ ದಿನ, ಸಂಜೆ

ಹೇಳಿದೆ. ಗೇಟಿನ ಹತ್ತಿರ, ಎಲ್ಲರೆದುರಿಗೆ. ಅಂಗೈ ಬಿಚ್ಚಿ ಹಸಿರನ್ನು ತೋರಿಸಿದೆ. ಮರೆತದ್ದಲ್ಲ, ಬೇಕೆಂದೇ ಇಟ್ಟುಕೊಂಡದ್ದು ಎಂದೂ ಹೇಳಿಬಿಟ್ಟೆ.

ಅತ್ತೆ ಬಾಯಿಗೆ ಸೆರಗು ಹಿಡಿದರು. ಇವರು ಕಿರುಚಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನಿನ್ ಕೈಗೇ ಕೊಟ್ಟಿದ್ದೆನಲ್ಲೇ" ಎಂದರು, ಅಷ್ಟೇ.

ಮಹಾರಾಣಿ ಬಿಳಿಚಿಕೊಂಡಳು. ಕಾರಿನಿಂದಿಳಿದು ಕೀ ನನ್ನ ಕೈಗೆ ಹಾಕಿದಳು. "ನೀವೇ ಓಡಿಸಿ. ನಿಮಗೆ ಗೊತ್ತಲ್ಲ ಎಷ್ಟು ಸ್ಪೀಡು ಅಂತ." ಅಕ್ಕ ಎನ್ನಲಿಲ್ಲ. ಮದುವೆಯಾಗಿ ಬಂದಂದಿನಿಂದ ಇದೇ ಮೊದಲು.

ಓಡಿಸಿದೆ. ಒಂದೂವರೆ ವರ್ಷದ ಮೇಲೆ ನನ್ನ ಗೇರ್‌ಬಾಕ್ಸ್ ಕೈಗೆ ಸಿಕ್ಕಿತು. ಎರಡನೇ ಗೇರಿಗೆ ಹಾಕುವಾಗ ಅದೇ ಸಣ್ಣ ಬಿಗುವು, ಹಾಗೇ ಇದೆ. ಕಣ್ಣು ತುಂಬಿಕೊಂಡಿತು. ಬೆಟ್ಟದ ತಿರುವಿನಲ್ಲಿ ಕನ್ನಡಿ ನೋಡಿದೆ: ಮಗಳು ಮಹಾರಾಣಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವಳ ಕೈ ಮಗುವಿನ ಹಣೆಯ ಮೇಲೆ. ಅಷ್ಟೆಲ್ಲ ಆದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಗೆಟ್ಟ ಹೊಟ್ಟೆ.

ವಾಪಸ್ ಬಂದು ಕೀ ಚಾಚಿದೆ. ಮಹಾರಾಣಿ ಮುಟ್ಟಲಿಲ್ಲ. ಇವರ ಕಡೆ ತಿರುಗಿ ಹೇಳಿದಳು, "ಭಾವ, ಅವರ ಗೇರ್‌ಬಾಕ್ಸ್ ಬಿಚ್ಚಿ ಅವರಿಗೇ ಕೊಟ್ಬಿಡಿ. ನನಗೆ ಬೇಡ." ಆಟೋ ಹತ್ತಿ ಹೋದಳು.

ನಾನು ಬಯಸಿದ್ದೇ ಸಿಕ್ಕಿತು. ಎಂಜಿನ್ ಸತ್ತ ಗಾಡಿಗೆ ಗೇರ್‌ಬಾಕ್ಸು. ತೊಗೊಂಡು ತಲೆ ಮೇಲೆ ಹೊತ್ತುಕೊಳ್ಳಲೇ?

ಶೆಡ್ಡಿನಲ್ಲಿ ಜಾಕ್ ಏರಿಸುವ ಸದ್ದು. ಇವರು ಬಿಚ್ಚಲು ಶುರುಮಾಡಿದ್ದಾರೆ. ಬೇಡ, ಪೆಟ್ಟಿಗೆ ಅವಳ ಗಾಡಿಯಲ್ಲೇ ಇರಲಿ ಎನ್ನಬೇಕು. ಹಸಿರು ಇಲ್ಲೇ ಇದೆ, ಈ ಪುಟದ ಮೇಲೆ. ಬಿಳೀದು ತೆಗೆದು ಇದನ್ನು ನಾನೇ ಹಾಕುತ್ತೇನೆ. ಆಮೇಲೆ ಗಾಡಿ ಅವಳ ಮನೆಗೆ ಒಯ್ದು, ಬಾಗಿಲು ತಟ್ಟಿ, ಕೀ ಅವಳ ಕೈಗೇ ಕೊಟ್ಟು, ಮೀಟರ್ ಈಗ ನಿಜ ಹೇಳುತ್ತೆ ಎನ್ನುತ್ತೇನೆ.